ತುಳಕೋತ ಬಂದವ ದೋಸ್ತ

ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಬಸ್ಸಿದೆ. ಟಂಟಂ ಇದೆ, ಜೀಪಿದೆ, ಕೈ ಮಾಡಿದರೆ ನಿಲ್ಲುವ ಲಾರಿಗಳಿವೆ. ಹೀಗಿದ್ದೂ ನನ್ನ ಅಪ್ಪ ಎರಡು ವರ್ಷ ತಮ್ಮ ಜೀವದ ಗೆಳೆಯನ ಮುಖ ನೋಡದೆ ಮನೆಯಲ್ಲೇ ಕುಳಿತಿದ್ದರು. ಕಾರಣ ಕೇಳಿದವರೆಲ್ಲ ನಕ್ಕಿದ್ದಾರೆ. ನಾನು ಆ ಕಾರಣದ ಜೊತೆಗೇ ಬೆಳೆದವಳು, ಹಾಗಾಗಿ ನನಗೆ ನಗುವಿಗಿಂತ ಸಿಟ್ಟೇ ಮೊದಲು ಬರುತ್ತಿತ್ತು.

ಗೆಳೆಯ ಅಂದರೆ ಬಸವಕಲ್ಯಾಣದ ಒಬ್ಬ ಟೇಲರ್. ನಾನು ಅವರನ್ನು ಚಾಚಾ ಅನ್ನುತ್ತಿದ್ದೆ. ಅಪ್ಪನದು ಹುಮನಾಬಾದಿನಲ್ಲಿ ಸಣ್ಣದೊಂದು ಬಟ್ಟೆ ಅಂಗಡಿ. ಹುಡುಗರಾಗಿದ್ದಾಗ ಇಬ್ಬರಿಗೂ ಕಲ್ಯಾಣದಲ್ಲಿ ಒಂದೇ ಶಾಲೆ, ಇಬ್ಬರಿಗೂ ಸೇರಿ ಒಂದೇ ಬಾಡಿಗೆ ಸೈಕಲ್ಲು. ಒಬ್ಬ ಸೀಟಿನ ಮೇಲೆ ಕುಳಿತು ತುಳಿಯುವುದು. ಇನ್ನೊಬ್ಬ ಹಿಂದಿನ ಕ್ಯಾರಿಯರ್ ಮೇಲೆ ಕುಳಿತು, ಕಾಲು ಮುಂದಕ್ಕೆ ಚಾಚಿ, ಅದೇ ಪೆಡಲಿನ ಅಂಚಿಗೆ ಪಾದ ಹಚ್ಚಿ ತಾನೂ ಜೋರು ಹಾಕುವುದು. ಡಬಲ್ ಸೀಟ್ ಹೋದವರಿಗೆಲ್ಲ ಗೊತ್ತಿರುವ ವಿದ್ಯೆ. ಹಿಂದೆ ಕುಳಿತ ಚಾಚಾ ನಿಜವಾಗಿ ಜೋರು ಹಾಕುತ್ತಿದ್ದರೋ, ಸುಮ್ಮನೆ ಕಾಲಿಟ್ಟು ಸವಾರಿ ಮಾಡುತ್ತಿದ್ದರೋ ಎಂಬ ಜಗಳ ಮಾತ್ರ ಇಬ್ಬರಿಗೂ ಮೊಮ್ಮಕ್ಕಳಾದರೂ ಮುಗಿದಿರಲಿಲ್ಲ.

ತೊಂಬತ್ತರ ದಶಕದ ಮೊದಲಲ್ಲಿ, ನಾನಿನ್ನೂ ಹೈಸ್ಕೂಲಿನಲ್ಲಿದ್ದಾಗ, ಅಪ್ಪ ಷರ್ಟಿನ ಬಟ್ಟೆ ಹಿಡಿದುಕೊಂಡು ಬಸ್ಸಿನಲ್ಲಿ ಕಲ್ಯಾಣಕ್ಕೆ ಹೋದರು. ಮದುವೆಗಳ ಕಾಲ, ಚಾಚಾನ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಚಾಚಾ ತಲೆ ಎತ್ತದೆ ಅಳತೆ ತೆಗೆದುಕೊಂಡರು, "ಮುಂದಿನ ವಾರ ಬರ್ರಿ" ಅಂದರು, ಹಿಂದೆ ನಿಂತವನನ್ನು ಕರೆದರು. ಅಪ್ಪ ಒಂದು ಗುಟುಕು ಚಹಾ ಕೂಡ ಇಲ್ಲದೆ ವಾಪಸು ಬಂದರು. ಮುಂದಿನ ವಾರ ಬೇಕೆಂದೇ ಸೈಕಲ್ ತುಳಿದುಕೊಂಡು ಹೋದರು. ಬೆವರು ಸುರಿಸುತ್ತ ನಿಂತ ಗೆಳೆಯನನ್ನು ನೋಡಿ ಚಾಚಾ ಅಂಗಡಿಯನ್ನೇ ಮುಚ್ಚಿ ಮನೆಗೆ ಕರೆದೊಯ್ದರು. ಚಾಚಿ, ಮಾಂಸ ಮುಟ್ಟದ ಅಪ್ಪನಿಗೆಂದೇ ಬೇರೆ ಎತ್ತಿಟ್ಟಿದ್ದ ಪಾತ್ರೆಯಲ್ಲಿ ಬೇಳೆ ಬೇಯಿಸಿ ಹಾಕಿದರು. ಕೈ ತೊಳೆದ ಮೇಲೆ ಅಪ್ಪ ಕೇಳಿದರಂತೆ, "ಹೋದ ವಾರ ಯಾಕೋ ಹಂಗ ಮಾಡ್ದಿ?"

ಚಾಚಾ ಅಂದರಂತೆ, "ಬಸ್ಸಿನ್ಯಾಗ ಬಂದವ ಗಿರಾಕಿ. ತುಳಕೋತ ಬಂದವ ದೋಸ್ತ."

ಇದು ಸಿಕ್ಕಿಬಿದ್ದವನು ಜಾರಿಕೊಳ್ಳಲು ಆಡಿದ ಮಾತು ಅನ್ನುವುದು ನಮ್ಮ ಅವ್ವನ ಅಭಿಪ್ರಾಯ. ಅಪ್ಪನಿಗೆ ಮಾತ್ರ ಅದು ಕಲ್ಲಿನ ಮೇಲೆ ಕೆತ್ತಿದ ಶಾಸನವಾಯಿತು. ಒಂದು ತಿಂಗಳು ಇವರು ಅಲ್ಲಿಗೆ, ಮುಂದಿನ ತಿಂಗಳು ಅವರು ಇಲ್ಲಿಗೆ. ಬಂದವರು ಹೊಸ್ತಿಲ ಹೊರಗೆ ನಿಲ್ಲಬೇಕು. ಒಳಗಿನವರು "ಹ್ಯಾಂಗ ಬಂದಿ?" ಅನ್ನಬೇಕು. "ತುಳಕೋತ ಬಂದೆ" ಅಂದರೆ ಮಾತ್ರ ಒಳಗೆ. ಇಬ್ಬರೂ ಇದನ್ನು ಒಂದಿಷ್ಟೂ ನಗದೆ ಮಾಡುತ್ತಿದ್ದರು. ಒಮ್ಮೆ ದಾರಿಯಲ್ಲಿ ಚೈನು ಹರಿದು ಚಾಚಾ ಸೈಕಲ್ಲನ್ನು ಲಾರಿಗೆ ಏರಿಸಿಕೊಂಡು ಬಂದರು. ಅಪ್ಪ ಅವರನ್ನು ಮನೆಯೊಳಗೆ ಕರೆಯಲಿಲ್ಲ, ಅಂಗಡಿಗೆ ಕರೆದೊಯ್ದು ಥಾನು ಬಿಚ್ಚಿ ಬಟ್ಟೆ ತೋರಿಸಿದರು. ಚಾಚಾನೂ ಗಿರಾಕಿಯ ಹಾಗೆಯೇ ಚೌಕಾಸಿ ಮಾಡಿ, ಏನೂ ಕೊಳ್ಳದೆ, ಎದ್ದು ಹೋದರು.

ಕಾನೂನಿಗೆ ಇದ್ದದ್ದು ಒಂದೇ ವಿನಾಯಿತಿ. ಚಾಚಿ ತೀರಿಕೊಂಡಾಗ ಅಪ್ಪ ಬಸ್ಸಿನಲ್ಲಿ ಹೋದರು. ಮಣ್ಣು ಮುಗಿದ ಮೇಲೆ ಚಾಚಾ ಅಪ್ಪನ ಕೈ ಹಿಡಿದುಕೊಂಡು, "ಸಾವಿಗಿ ಬಸ್ ಮಾಫ್" ಅಂದರು.

ಆಮೇಲೆ ಅಪ್ಪನ ಬಲಮೊಣಕಾಲು ಕೈಕೊಟ್ಟಿತು. ಅವರ ಪಾಳಿ ತಪ್ಪಿತು. ಚಾಚಾನಾದರೂ ಬರಬಹುದಿತ್ತು, ಅವರೂ ಬರಲಿಲ್ಲ. ಕೇಳಿದರೆ ಕೆಲಸದ ಗಡಿಬಿಡಿ ಅನ್ನುತ್ತಿದ್ದರು. ಫೋನಿನಲ್ಲಿ ಇಬ್ಬರೂ ಒದರುತ್ತಿದ್ದರು. ಅವರ ಪ್ರಕಾರ ಫೋನು ಇರುವುದು ದೂರದವರನ್ನು ಕೂಗಿ ಕರೆಯುವುದಕ್ಕೆ, ಮಾತಾಡುವುದಕ್ಕಲ್ಲ. ಆಗ ನನಗೆ ಮದುವೆಯಾಗಿತ್ತು, ತವರಿನಿಂದ ಎರಡು ಓಣಿ ಆಚೆ ಮನೆ, ಶಾಲೆಯಲ್ಲಿ ಕನ್ನಡ ಕಲಿಸುವ ಕೆಲಸ. ಸಂಜೆ ತವರಿಗೆ ಹೋದರೆ ಅಪ್ಪ ಬಾಗಿಲ ಕಡೆಗೇ ನೋಡುತ್ತ ಕುಳಿತಿರುತ್ತಿದ್ದರು. ಊಟದ ತಾಟು ಅರ್ಧಕ್ಕೆ ಬಿಟ್ಟಿರುತ್ತಿತ್ತು. ಒಂದು ದಿನ ತಾಳಲಾರದೆ, "ಬಸ್ಸಿಗಿ ಹೋಗಿ ಬರ್ರಿ ಅಪ್ಪಾ, ಯಾವ ಕಾನೂನು, ಯಾವ ಕಟ್ಟಳೆ!" ಅಂದೆ.

"ಬಸ್ಸಿಗಿ ಹೋಗೋದು ಇನ್ನೊಂದೇ ಸಲ, ಯವ್ವಾ," ಅಂದರು ಅಪ್ಪ. "ಅವ ಸತ್ತಾಗ. ಇಲ್ಲಾಂದ್ರ ಅವನೇ ಬರತಾನ, ನಾ ಸತ್ತಾಗ."

ಇಬ್ಬರು ಮುದುಕರು, ನಡುವೆ ಒಂದು ತಾಸಿನ ದಾರಿ, ಒಬ್ಬರ ಹೆಣ ಒಬ್ಬರು ನೋಡುವ ತನಕ ಕಾಯುವುದೆಂದು ತೀರ್ಮಾನಿಸಿ ಕುಳಿತಿದ್ದರು. ಅದೂ ಒಂದು ಷರ್ಟಿನ ಅಳತೆಯ ದೆಸೆಯಿಂದ.

ಎರಡು ಸಾವಿರದ ದಶಕ ಮುಗಿಯುತ್ತ ಬಂದಾಗ, ಸೊಲ್ಲಾಪುರಕ್ಕೆ ಮದುವೆಗೆ ಹೋದವಳು ಅಂಗಡಿಯೊಂದರ ಮುಂದೆ ಕರೆಂಟಿನ ಸೈಕಲ್ ಕಂಡೆ. ಎರಡು ನಮೂನೆ ಇದ್ದವು. ಒಂದರಲ್ಲಿ ಹಿಡಿ ತಿರುವಿದರೆ ಸಾಕು, ಸ್ಕೂಟರಿನ ಹಾಗೆ ಓಡುತ್ತದೆ. ಇನ್ನೊಂದರಲ್ಲಿ ತುಳಿದರೆ ಮಾತ್ರ ಮೋಟರು ಏಳುತ್ತದೆ. ಪೆಡಲುಗಳ ನಡುವೆ ಒಂದು ಬಿಲ್ಲೆ, ಬಿಲ್ಲೆಯ ಸುತ್ತ ಕಡಲೆಕಾಳಿನಷ್ಟು ಅಯಸ್ಕಾಂತಗಳು. ಪೆಡಲು ತಿರುಗಿದಾಗ ಅವು ಒಂದೊಂದಾಗಿ ಪಕ್ಕದಲ್ಲಿರುವ ಸೆನ್ಸರಿನ ಮುಂದೆ ಹಾದುಹೋಗುತ್ತವೆ. "ತುಳಿಯುತ್ತಿದ್ದಾನೆ" ಎಂಬ ಸುದ್ದಿ ಹಿಂದಿನ ಗಾಲಿಯ ಹೊಟ್ಟೆಯಲ್ಲಿರುವ ಮೋಟರಿಗೆ ಮುಟ್ಟುತ್ತದೆ, ಮೋಟರು ಗಾಲಿಗೆ ಕೈ ಹಚ್ಚುತ್ತದೆ. ಕಾಲು ನಿಂತರೆ ಅದೂ ನಿಲ್ಲುತ್ತದೆ. ಬ್ರೇಕು ಹಿಡಿದರೂ ನಿಲ್ಲುತ್ತದೆ. ಸಹಾಯವೇ ಬೇಡವೆನ್ನುವ ಅಭಿಮಾನಿಗಳಿಗಾಗಿ ಹ್ಯಾಂಡಲ್ ಮೇಲೆ ಒಂದು ಸ್ವಿಚ್ಚೂ ಇತ್ತು. "ತುಳೀದಿದ್ರ ತಾನಾಗೇ ಓಡಂಗಿಲ್ಲ ಹೌದಲ್ರಿ?" ಎಂದು ನಾನು ಕೇಳಿದ್ದನ್ನೇ ಕೇಳಿದೆ. ಅಂಗಡಿಯವನಿಗೆ ಬೇಸರ ಬಂತು. ಸುಮ್ಮನೆ ಕೇಳಿ ಹೋಗುವವಳು ಎಂದು ತಿಳಿದಿರಬೇಕು. ನಾನು ಎರಡನೆಯ ನಮೂನೆಯನ್ನೇ ಕೊಂಡೆ.

ಅಪ್ಪ ಸೈಕಲ್ಲನ್ನು ಹೆಣ್ಣು ನೋಡಲು ಬಂದವರ ಹಾಗೆ ಸುತ್ತು ಹಾಕಿ ನೋಡಿದರು. ಓಣಿಯಲ್ಲಿ ಹತ್ತಿ ಕುಳಿತು ಪೆಡಲು ತಿರುಗಿಸಿದರು. ಒಂದು ಕ್ಷಣ ಏನೂ ಆಗಲಿಲ್ಲ, ಆಮೇಲೆ ಒಮ್ಮೆಲೇ ಹಿಂದಿನಿಂದ ಸೈಕಲ್ಲು ನೂಕಿಸಿಕೊಂಡು ಮುಂದೆ ಹೋಯಿತು. ಅಪ್ಪ ಹಿಂದೆ ತಿರುಗಿ, "ಯಾವನಲೇ ಅವ ದಬ್ಬಾಂವ?" ಎಂದು ಖಾಲಿ ಓಣಿಗೆ ಬೈದರು.

ಒಂದು ವಾರ ಓಣಿಯಲ್ಲಿ ಓಡಿಸಿ, ಮೊಣಕಾಲು ನೋಯುವುದಿಲ್ಲ ಎಂದು ಖಾತ್ರಿಯಾದ ಮೇಲೆ, ಅಪ್ಪ ಒಂದು ಶನಿವಾರ ಶಾಲೆ ಬಿಡುವ ಹೊತ್ತಿಗೆ ಕಲ್ಯಾಣಕ್ಕೆ ಹೊರಟರು. ನಾನು ಸ್ಕೂಟರಿನಲ್ಲಿ ಹಿಂದೆ ಹಿಂದೆ. ರಾಜೇಶ್ವರದ ತನಕ ಅಪ್ಪ ಗಾಳಿಯಲ್ಲಿ ತೇಲಿದರು. ಅಂಗಿ ಉಬ್ಬಿತ್ತು, ಎದುರಿಗೆ ಬಂದ ಎತ್ತಿನ ಬಂಡಿಯವರಿಗೆಲ್ಲ ಕೈ ಬೀಸಿದರು. ಆಚೆ ಒಂದು ಉದ್ದನೆಯ ಏರು ಇದೆ. ಬಸ್ಸಿನಲ್ಲಿ ಕುಳಿತವರಿಗೆ ಅದು ಏರು ಅಂತ ತಿಳಿಯುವುದೇ ಇಲ್ಲ. ಏರು ಸುರುವಾಗುತ್ತಲೇ ಅಪ್ಪ ಸ್ವಿಚ್ ಬಂದ್ ಮಾಡಿದರು. ಬ್ಯಾಟರಿ, ಮೋಟರು ಎಲ್ಲ ಸೇರಿ ಹೊರೆ ಕಬ್ಬಿನಷ್ಟು ಭಾರದ ಸೈಕಲ್ಲು. ಸ್ವಲ್ಪ ದೂರ ಹಲ್ಲು ಕಚ್ಚಿ ತುಳಿದರು, ಆಮೇಲೆ ಇಳಿದು ಕುಂಟುತ್ತ ನೂಕತೊಡಗಿದರು.

"ಅಪ್ಪಾ, ಇಲ್ಲೇ ಹಚ್ಚಬೇಕ್ರಿ ಅದನ್ನ! ಏರಿಗೇ ಇರೋದು ಅದು!" ನಾನು ಕೂಗಿದೆ.

ಅಪ್ಪ ನಿಂತು ಉಸಿರು ತೆಗೆದುಕೊಂಡರು. "ಗರಜು ಇದ್ದಲ್ಲಿ ಸಹಾಯ ತಗೊಂಡ್ರ ಅದು ಸೋಲು. ಗರಜು ಇಲ್ಲದಲ್ಲಿ ತಗೊಂಡ್ರ ಅದು ಶೋಕಿ. ಶೋಕಿಗಿ ಕಾನೂನಿನ್ಯಾಗ ಅಡ್ಡಿ ಇಲ್ಲ."

ಇಷ್ಟು ಹೇಳಿ ಮತ್ತೆ ನೂಕಿದರು. ಇಳಿಜಾರು ಬಂದಾಗ ಸ್ವಿಚ್ ಹಾಕಿದರು. ಸೈಕಲ್ಲು ತಾನಾಗಿಯೇ ಓಡುವ ಜಾಗದಲ್ಲಿ ಅದಕ್ಕೆ ಮೋಟರಿನ ಸಹಾಯ ಸಿಕ್ಕಿತು. ಕಲ್ಯಾಣದ ತನಕ ಇದೇ ನಡೆಯಿತು. ಇಂಥವರ ಹೊಟ್ಟೆಯಲ್ಲಿ ಹುಟ್ಟಿದ್ದಕ್ಕೆ ನನ್ನನ್ನೇ ಬೈದುಕೊಳ್ಳುತ್ತ ನಾನು ಹಿಂದೆ ಹೋದೆ.

ಕೋಟೆಯ ಕಡೆ ಹೋಗುವ ಓಣಿಯಲ್ಲಿ ಚಾಚಾನ ಅಂಗಡಿ. ಊರಿನ ಟೇಲರುಗಳೆಲ್ಲ ಮಶೀನಿಗೆ ಮೋಟರು ಕೂಡಿಸಿಕೊಂಡಿದ್ದರೂ ಅವರು ಇನ್ನೂ ಕಾಲಿನಲ್ಲೇ ತುಳಿಯುತ್ತಿದ್ದರು. ಅಪ್ಪನನ್ನು ಕಂಡು ಎದ್ದು ಬಂದರು. ಇನ್ನೇನು ಅಪ್ಪಿಕೊಳ್ಳುತ್ತಾರೆ ಅಂದುಕೊಂಡೆ. ಎಲ್ಲಿಯ ಮಾತು! ಹೊಸ್ತಿಲ ಒಳಗೇ ನಿಂತು, "ಹ್ಯಾಂಗ ಬಂದಿ?" ಅಂದರು.

"ತುಳಕೋತ ಬಂದೆ."

ಚಾಚಾನ ಕಣ್ಣು ಸೀಟಿನ ಹಿಂದಿನ ಕರಿ ಡಬ್ಬಿಯ ಮೇಲೆ ನಿಂತಿತು. "ಇದೇನು, ಬುತ್ತಿ ಡಬ್ಬಿ?"

"ಬ್ಯಾಟ್ರಿ."

ಚಾಚಾ ಹೊರಗೆ ಬಂದು ಸೈಕಲ್ಲಿಗೆ ದೊಡ್ಡ ಸ್ಟ್ಯಾಂಡ್ ಹಾಕಿದರು. ಹಿಂದಿನ ಗಾಲಿ ನೆಲ ಬಿಟ್ಟಿತು. ಕುಕ್ಕರಗಾಲಲ್ಲಿ ಕುಳಿತು ಒಂದು ಬೆರಳಿನಿಂದ ಪೆಡಲು ತಿರುಗಿಸಿದರು. ಗಾಲಿ ಗುರ್‍ರೆಂದು ತಿರುಗಿತು. ಬೆರಳು ತೆಗೆದರು, ಮೋಟರು ಸುಮ್ಮನಾಯಿತು. ಮತ್ತೆ ಬೆರಳು, ಮತ್ತೆ ಗುರ್‍ರು. ಎದ್ದು ನಿಂತವರ ಮುಖ ಬಾಡಿತ್ತು.

"ದೋಸ್ತ, ಒಂದು ಬೆರಳಿಗಿ ಇಷ್ಟು ಓಡತದಲ್ಲೋ. ಇದಕ್ಕ ಪೆಡಲ್ ತಿರಗಿದ್ದಷ್ಟೇ ಗೊತ್ತು, ಜೋರು ಹಾಕಿದ್ದು ಗೊತ್ತಿಲ್ಲ. ನೀ ತುಳದಿಲ್ಲ. ತುಳದಂಗ ಮಾಡೀದಿ, ಇದು ನಂಬ್ಯಾದ."

ಅಪ್ಪ ಹೊಸ್ತಿಲ ಹೊರಗೆ ನಿಂತೇ ಇದ್ದರು. ಮೊಣಕಾಲು ಬಾತು ಪ್ಯಾಂಟು ಬಿಗಿಯಾಗಿತ್ತು. ನನ್ನ ತಾಳ್ಮೆ ಹರಿಯಿತು. "ಚಾಚಾ, ನಿಮ್ಮ ದೋಸ್ತ ಏರಿನ್ಯಾಗ ಬಂದ್ ಮಾಡಿ ನೂಕಿಕೋತ ಬಂದಾರ. ಸುಳ್ಳಂದ್ರ ಬ್ಯಾಟ್ರಿ ನೋಡ್ರಿ!" ಅಂದೆ. ಹ್ಯಾಂಡಲ್ ಮೇಲೆ ಬ್ಯಾಟರಿ ಎಷ್ಟು ಉಳಿದಿದೆ ಎಂದು ತೋರಿಸುವ ಹಸಿರು ದೀಪಗಳಿದ್ದವು. ಒಂದೂ ಆರಿರಲಿಲ್ಲ. ಸವಾರ ಅರ್ಧ ಸತ್ತಿದ್ದ, ಬ್ಯಾಟರಿ ಮದುಮಗನ ಹಾಗಿತ್ತು.

ಚಾಚಾ ದೀಪಗಳನ್ನೂ ಅಪ್ಪನನ್ನೂ ನೋಡಿದರು. ಅಪ್ಪನಿಗೆ ಈಗ ಧೈರ್ಯ ಬಂತು. "ಆವಾಗ ನೀ ಹಿಂದ ಕೂತು ಕಾಲು ಹಚ್ಚತಿದ್ದಿ. ಆದ್ರೂ ಇಬ್ಬರೂ ತುಳದೀವಿ ಅಂತ ನಾ ಒಪ್ಪತಿದ್ದೆ. ಇದೂ ಹಿಂದಿನ ಗಾಲ್ಯಾಗ ಕೂತು ಕಾಲು ಹಚ್ಚತದ. ಫರಕ್ ಏನು? ಇದು ಖರೇನೇ ಜೋರು ಹಾಕತದ, ಅಷ್ಟೇ ಫರಕ್."

"ನಾ ಹಾಕತಿರಲಿಲ್ಲೇನು?"

"ಅಲ್ಲಾನ ಮುಂದ ಹೇಳು."

ಚಾಚಾನ ಮುಖ ಕೆಂಪಾಯಿತು. "ಸರಿ, ನಾನೇ ತುಳದು ನೋಡತೀನಿ. ಆಮ್ಯಾಲ ಫೈಸಲಾ," ಎಂದು ಪೈಜಾಮ ಎತ್ತಿ ಕಟ್ಟಿ ಸೈಕಲ್ ಹತ್ತಿಯೇ ಬಿಟ್ಟರು.

ಮೋಟರು ಅವರನ್ನೂ ಹಿಂದಿನಿಂದ ನೂಕಿತು. ಚಾಚಾ ಹೆದರಿದರು. ಬೇರೆ ಯಾರಾದರೂ ಹೆದರಿದರೆ ಕಾಲು ನಿಲ್ಲಿಸುತ್ತಾರೆ, ಬ್ರೇಕು ಹಿಡಿಯುತ್ತಾರೆ. ಆದರೆ ಟೇಲರನ ಕಾಲು ತಾನಾಗಿ ನಿಲ್ಲುವುದಿಲ್ಲ. ಹೊಲಿಗೆ ಮಶೀನನ್ನು ಅವರು ಜೀವಮಾನವಿಡೀ ನಿಲ್ಲಿಸಿದ್ದು ಬಲಗೈಯಿಂದ, ಪಕ್ಕದಲ್ಲಿ ತಿರುಗುವ ಗಾಲಿಯನ್ನು ಹಿಡಿದು. ಅವರು ಹ್ಯಾಂಡಲಿನಿಂದ ಬಲಗೈ ತೆಗೆದರು, ಗಾಳಿಯಲ್ಲಿ ಆ ಗಾಲಿಯನ್ನು ಹುಡುಕತೊಡಗಿದರು. ಅದು ಸಿಗಲಿಲ್ಲ. ಸಿಗದೆ ಗಾಬರಿಯಾಗಿ ಇನ್ನೂ ಜೋರಾಗಿ ತುಳಿದರು, ಇನ್ನೂ ಜೋರಾಗಿ ಸಹಾಯ ಬಂತು. "ಅಬ್ಬಾ, ಕಾಲು ನಿಲ್ಲಸ್ರಿ! ಕಾಲು!" ಎಂದು ಅವರ ಮಗ ಅಂಗಡಿಯಿಂದ ಕತ್ತರಿ ಹಿಡಿದುಕೊಂಡೇ ಓಡಿದ. ಓಣಿಯ ತಿರುವಿನಲ್ಲಿ ಗಾದಿ ಮಾಡುವವರ ಅಂಗಡಿ. ಹೊರಗೆ ಹಿಂಜಿದ ಹತ್ತಿಯ ರಾಶಿ. ಚಾಚಾ ಒಂದು ಕೈ ಗಾಳಿಯಲ್ಲಿ ಬೀಸುತ್ತ ನೇರವಾಗಿ ಅದರೊಳಗೆ ಹೋದರು.

ಹತ್ತಿ ಕೆಳಗಿಳಿದಾಗ ಚಾಚಾ ಅದರ ನಡುವೆ ಕುಳಿತಿದ್ದರು, ಗಡ್ಡಕ್ಕಿಂತ ಮೈಯೇ ಬೆಳ್ಳಗಾಗಿತ್ತು. ಮಗ ಎಬ್ಬಿಸಲು ಹೋದರೆ ಏಳಲಿಲ್ಲ.

"ಮೋಟರಿಂದು ತಪ್ಪಿಲ್ಲ," ಅಂದರು. "ನನಗ ತಲಿ ತಿರಗತದ, ದೋಸ್ತ. ಅಕಿ ಹ್ವಾದ ಮ್ಯಾಲಿಂದ. ಸೈಕಲ್ ಮ್ಯಾಲ ಕೂತ್ರ ಜಮೀನು ತಿರಗತದ."

"ಮತ್ತ ಬಸ್ಸಿಗಿ ಬರಬಾರದಿತ್ತೇನಲೇ?" ಅಂದರು ಅಪ್ಪ. ಈ ಮಾತು ಆಡುವ ಧೈರ್ಯ ಅವರಿಗೆ ಎಲ್ಲಿಂದ ಬಂತೋ ನನಗೆ ಇವತ್ತಿಗೂ ತಿಳಿದಿಲ್ಲ.

"ಬಸ್ಸಿಗಿ ಬಂದ್ರ ನೀ ಥಾನು ಬಿಚ್ಚಿ ತೋರಸ್ತಿದ್ದಿ."

ಅಪ್ಪ ಮೊಣಕಾಲು ಹಿಡಿದುಕೊಂಡು ತಾವೂ ಹೋಗಿ ಹತ್ತಿಯಲ್ಲಿ ಪಕ್ಕಕ್ಕೆ ಕುಳಿತರು. ಗಾದಿಯವರು ಪಾಪ, ಬೈಯಬೇಕೋ ಚಹಾ ತರಿಸಬೇಕೋ ತಿಳಿಯದೆ ನಿಂತಿದ್ದರು. ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಎರಡನ್ನೂ ನುಂಗಿ ಇಬ್ಬರಿಗೂ ಸೇರಿಸಿ ಬೈದೆ. ಈಗಿಂದೀಗ ಈ ಕಾನೂನು ರದ್ದು ಮಾಡಬೇಕು ಅಂದೆ.

"ಅದೊಂದು ಆಗಂಗಿಲ್ಲ, ಬೇಟಿ," ಅಂದರು ಚಾಚಾ. ಗಡ್ಡದಿಂದ ಹತ್ತಿ ಬಿಡಿಸಿಕೊಳ್ಳತೊಡಗಿದರು. "ಖರೆ, ಕಾನೂನಿನ್ಯಾಗ ತುಳಕೋತ ಬರಬೇಕು ಅಂತಷ್ಟೇ ಅದ. ಎಲ್ಲಿ ಕೂತು ತುಳೀಬೇಕು ಅಂತ ಇಲ್ಲ. ನಾ ಉಮರಭರ ಮಶೀನು ತುಳದೀನಿ, ಅಂಗಡಿ ಬಿಟ್ಟು ಒಂದು ಗೇಣು ಸರದಿಲ್ಲ. ಅದು ತುಳದಂಗ ಅಲ್ಲೇನು?"

ಆ ರಾತ್ರಿ ಅಪ್ಪ ಅಲ್ಲೇ ಉಳಿದರು. ಮರುದಿನ ಭಾನುವಾರ ನಾನು ಮತ್ತೆ ಹೋಗುವಷ್ಟರಲ್ಲಿ ಹುಮನಾಬಾದಿಗೆ ಖಾಲಿ ಹೊರಟಿದ್ದ ಒಂದು ಟೆಂಪೋವನ್ನು ಅವರು ಗೊತ್ತು ಮಾಡಿದ್ದರು. ಅದರ ಹಿಂದಿನ ತೊಟ್ಟಿಯಲ್ಲಿ ಸೈಕಲ್ಲನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ನಾಲ್ಕೂ ಕಡೆ ಹಗ್ಗ ಬಿಗಿದಿದ್ದರು. ಸೀಟಿನ ಮೇಲೆ ಚಾಚಾ, ಪಕ್ಕದಲ್ಲಿ ಅವರ ಸೊಂಟ ಹಿಡಿದು ಹತ್ತಿಯ ಮೂಟೆಯ ಮೇಲೆ ಅಪ್ಪ. ಟೆಂಪೋ ಹೊರಟಿತು. ಚಾಚಾ ತುಳಿಯತೊಡಗಿದರು. ನೆಲ ಮುಟ್ಟದ ಗಾಲಿ ಗಾಳಿಯಲ್ಲಿ ಗಿರಗಿರ ತಿರುಗಿತು. ನಾನು ಸ್ಕೂಟರಿನಲ್ಲಿ ಹಿಂದೆ, ಇವರು ಯಾರೋ ಏನೋ ಎಂಬ ಮುಖ ಮಾಡಿಕೊಂಡು ಬಂದೆ. ಉದ್ದನೆಯ ಏರು ಬಂದಾಗ ಚಾಚಾ ಕೂಗಿದರು, "ಏರು ಬಂತು! ಸ್ವಿಚ್ ಬಂದ್ ಮಾಡು!" ಅಪ್ಪ ಬಂದ್ ಮಾಡಿದರು. ಟೆಂಪೋ ಕರಿ ಹೊಗೆ ಬಿಡುತ್ತ ಏರು ಹತ್ತಿತು. ಮೇಲೆ ಚಾಚಾ ಯಾರ ಸಹಾಯವನ್ನೂ ತೆಗೆದುಕೊಳ್ಳದೆ, ಕೇವಲ ತಮ್ಮ ಕಾಲಿನ ಬಲದಿಂದ, ಎದ್ದು ನಿಂತು ತುಳಿದರು.

ಹುಮನಾಬಾದಿನ ಬಜಾರಿಗೆ ಬಜಾ‌ರೇ ನಿಂತು ನೋಡಿತು. ಮನೆಯ ಮುಂದೆ ಒಂದು ತೊಡಕು ಎದುರಾಯಿತು. ಪ್ರಶ್ನೆ ಕೇಳಬೇಕಾದ ಅಪ್ಪನೂ ಹೊರಗೇ ಇದ್ದರು. ಚಾಚಾ ಇಳಿದು ಹೊಸ್ತಿಲ ಹೊರಗೆ ನಿಂತು ಕಾದರು. ಇಷ್ಟು ವರ್ಷ ಈ ನಾಟಕಕ್ಕೆ ಮೂಗು ಮುರಿದಿದ್ದ ಅವ್ವ ಕೈ ಒರೆಸಿಕೊಳ್ಳುತ್ತ ಬಂದು, ಟೆಂಪೋ ನೋಡಿದಳು, ಹಗ್ಗ ನೋಡಿದಳು, ಬೆವರಿನಲ್ಲಿ ತೊಯ್ದ ಚಾಚಾನನ್ನು ನೋಡಿದಳು.

"ಹ್ಯಾಂಗ ಬಂದ್ರಿ?"

"ತುಳಕೋತ ಬಂದೀನಿ, ಭಾಭಿ."

"ಕಾಣಸ್ತದ. ಬರ್ರಿ ಒಳಗ," ಅಂದು ಅವ್ವ ಚಹಾಕ್ಕಿಡಲು ಹೋದಳು.

ಅಲ್ಲಿಂದ ತಿಂಗಳಿಗೊಮ್ಮೆ ಆ ಟೆಂಪೋ ಗೊತ್ತು ಮಾಡುತ್ತಿದ್ದರು. ಒಮ್ಮೆ ಚಾಚಾ ತುಳಿಯುತ್ತ ಬರುವುದು, ಒಮ್ಮೆ ಅಪ್ಪ ತುಳಿಯುತ್ತ ಹೋಗುವುದು. ಅಪ್ಪನ ತಾಟು ಮತ್ತೆ ಖಾಲಿಯಾಗತೊಡಗಿತು. ನನಗೆ ಅಷ್ಟೇ ಬೇಕಿತ್ತು, ಮರ್ಯಾದೆಯ ಆಸೆ ನಾನು ಬಿಟ್ಟುಬಿಟ್ಟಿದ್ದೆ.

ಒಂದು ಮುಂಜಾನೆ ಚಾಚಾನ ಮಗನ ಫೋನು ಬಂತು. ಹಾಸಿಗೆಯಿಂದ ಏಳಲೇ ಇಲ್ಲವಂತೆ. ನಾನು ತವರಿಗೆ ಓಡಿದೆ. ಅಪ್ಪ ಆಗಲೇ ಟೆಂಪೋದವನಿಗೆ ಹೇಳಿ ಕಳಿಸಿ, ಸೈಕಲ್ಲು ಒರೆಸುತ್ತಿದ್ದರು.

"ಇವತ್ತ ಬಸ್ ಮಾಫ್ ಅದ, ಅಪ್ಪಾ," ಅಂದೆ.

"ಮಾಫ್ ಮಾಡಿದಾಂವ ಅವ. ಈ ಸಲ ನಾ ತಗೊಳಂಗಿಲ್ಲ."

ಟೆಂಪೋದ ತೊಟ್ಟಿಯಲ್ಲಿ ಅಪ್ಪನ ಸೊಂಟ ಹಿಡಿದು ಆ ದಿನ ನಾನು ಕುಳಿತೆ. ದಾರಿಯಲ್ಲಿ ನಗುವವರು ನಕ್ಕರು. ಏರು ಬಂದಾಗ ಅಪ್ಪ ತಾವೇ ಕೈ ಚಾಚಿ ಸ್ವಿಚ್ ಬಂದ್ ಮಾಡಿದರು.

ಚಾಚಾನ ಮನೆಯ ಮುಂದೆ ಜನ ಸೇರಿದ್ದರು. ಯಾರೋ ದಾರಿ ಬಿಟ್ಟು "ಒಳಗ ಬರ್ರಿ" ಅಂದರು. ಅಪ್ಪ ಹೊಸ್ತಿಲ ಹೊರಗೇ ನಿಂತರು. ಇನ್ನೊಬ್ಬರು ಕರೆದರು, ಕೈ ಹಿಡಿದು ಎಳೆದರು. ಅಪ್ಪ ಕದಲಲಿಲ್ಲ. ಕೊನೆಗೆ ಒಳಗಿನಿಂದ ಮಗ ಬಂದ. ಅಪ್ಪನನ್ನು ನೋಡಿದ, ಹಿಂದೆ ಟೆಂಪೋದಲ್ಲಿ ಇನ್ನೂ ನಿಧಾನಕ್ಕೆ ತಿರುಗುತ್ತಿದ್ದ ಗಾಲಿಯನ್ನು ನೋಡಿದ. ಕಣ್ಣೊರೆಸಿಕೊಂಡು ಹೊಸ್ತಿಲ ಒಳಗೆ ನೆಟ್ಟಗೆ ನಿಂತ.

"ಹ್ಯಾಂಗ ಬಂದ್ರಿ, ಕಾಕಾ?"

"ತುಳಕೋತ ಬಂದೆ," ಅಂದು ಅಪ್ಪ ಚಪ್ಪಲಿ ಬಿಟ್ಟು ಒಳಗೆ ಹೋದರು.